ಕ್ಲಾಟ್‌ನ ಕಠಿಣ ಪ್ರಶ್ನೆಗೆ ಕೈಹಾಕುವ ಕ್ರಮ: ಗಡಿನಾಡಿನ ಪ್ಲಸ್ ಟು ವಿದ್ಯಾರ್ಥಿಗಳಿಗೆ

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಪ್ಲಸ್ ಟುಗೆ ಇಂಗ್ಲಿಷ್ ಪುಸ್ತಕ ಹಿಡಿದ ಮಂಜೇಶ್ವರದ ಅಥವಾ ಬದಿಯಡ್ಕದ ವಿದ್ಯಾರ್ಥಿ, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ನ ಹಳೆಯ ಪ್ರಶ್ನೆಪತ್ರಿಕೆಯನ್ನು ಮೊದಲ ಸಲ ತೆರೆದಾಗ ಸಾಮಾನ್ಯವಾಗಿ ಹೇಳುವ ಮಾತು, 'ನನಗೆ ಕಾನೂನು ಗೊತ್ತಿಲ್ಲ' ಎಂದು. ಕಾನೂನು ಗೊತ್ತಿರಬೇಕಾಗಿಲ್ಲ. ಬೇಕಾದ ನಿಯಮ ಪ್ರಶ್ನೆಗಳ ಮೇಲೆ ಕೊಡುವ ಪ್ಯಾಸೇಜಿನಲ್ಲೇ ಇರುತ್ತದೆ. ಪ್ರಶ್ನೆ ಬಿಗಿಯಾಗುವುದು ಬೇರೆ ಕಾರಣಗಳಿಂದ. ಆ ಕಾರಣ ಯಾವುದೆಂದು ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಗುರುತಿಸಲು ಬಂದರೆ, ಮುಂದೇನು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಗುರುತಿಸದೆ ಅದೇ ಸಾಲನ್ನು ಐದು ಸಲ ಓದಿದರೆ ಎರಡು ನಿಮಿಷ ಹೋಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ.

ಮೊದಲು ಪರೀಕ್ಷೆಯ ಅಳತೆ. ಪದವಿ ಸೀಟಿಗಾಗಿ ಇರುವ ಕ್ಲಾಟ್ ಯುಜಿಯಲ್ಲಿ 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಳೆ. ಇಂಗ್ಲಿಷ್ 22ರಿಂದ 26, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನ 28ರಿಂದ 32, ಲೀಗಲ್ ರೀಸನಿಂಗ್ 28ರಿಂದ 32, ಲಾಜಿಕಲ್ ರೀಸನಿಂಗ್ 22ರಿಂದ 26, ಗಣಿತ 10ರಿಂದ 14 ಪ್ರಶ್ನೆ. ಎಲ್ಲವೂ ಪ್ಯಾಸೇಜ್ ಆಧಾರಿತ, ಎಲ್ಲವೂ ಇಂಗ್ಲಿಷಿನಲ್ಲಿ, ಉತ್ತರ ಒಎಂಆರ್ ಹಾಳೆಯಲ್ಲಿ, ಅಂದರೆ ವೃತ್ತಗಳನ್ನು ಪೆನ್ನಿನಿಂದ ತುಂಬುವ ಹಾಳೆಯಲ್ಲಿ. ಈಚಿನ ವರ್ಷಗಳಲ್ಲಿ ಡಿಸೆಂಬರಿನ ಮೊದಲ ಭಾನುವಾರ ಮಧ್ಯಾಹ್ನ 2ರಿಂದ 4ರವರೆಗೆ ನಡೆಯುತ್ತಿದೆ. ಅಂದರೆ ಪ್ಲಸ್ ಟು ಪಬ್ಲಿಕ್ ಪರೀಕ್ಷೆಗಿಂತ ಮೊದಲೇ ಮುಗಿಯುತ್ತದೆ. ತಯಾರಿಯನ್ನು ಪ್ಲಸ್ ವನ್ ರಜೆಯಲ್ಲೇ ಶುರುಮಾಡಬೇಕೆನ್ನುವುದು ಇದೇ ಕಾರಣಕ್ಕೆ.

ಗಡಿಯ ಬೇರೆ ಕಡೆಗಳಲ್ಲಿ ಲೆಕ್ಕ ಬೇರೆ. ಹೊಸೂರು, ತಾಳವಾಡಿ ಕಡೆಯವರಿಗೆ ತಮಿಳುನಾಡಿನ ಅಂಬೇಡ್ಕರ್ ಕಾನೂನು ವಿಶ್ವವಿದ್ಯಾಲಯದ ಸೀಟು ಪ್ಲಸ್ ಟು ಅಂಕದ ಮೇಲೆಯೇ ಸಿಗುತ್ತದೆ, ಪ್ರವೇಶ ಪರೀಕ್ಷೆ ಇಲ್ಲ. ಅಕ್ಕಲಕೋಟೆ, ಜತ್ತ ಕಡೆಯವರು ಬರೆಯುವ ಮಹಾರಾಷ್ಟ್ರದ ಲಾ ಸಿಇಟಿಯಲ್ಲೂ, ಮಡಕಶಿರಾ, ಆದೋನಿ ಕಡೆಯವರು ಬರೆಯುವ ಆಂಧ್ರದ ಲಾಸೆಟ್‌ನಲ್ಲೂ ನೆಗೆಟಿವ್ ಮಾರ್ಕ್ ಇಲ್ಲ. ಲಾಸೆಟ್‌ನಲ್ಲಿ 90 ನಿಮಿಷಕ್ಕೆ 120 ಪ್ರಶ್ನೆ, ಹಾಗಾಗಿ ಅಲ್ಲಿ ವೇಗವೇ ಮುಖ್ಯ. ಕೇರಳದ ಪ್ರವೇಶ ಪರೀಕ್ಷಾ ಕಮಿಷನರರು ನಡೆಸುವ ಐದು ವರ್ಷದ ಎಲ್‌ಎಲ್‌ಬಿ ಪರೀಕ್ಷೆ ಬರೆಯುವವರು ಆಯಾ ವರ್ಷದ ಪ್ರಾಸ್ಪೆಕ್ಟಸ್ಸನ್ನು ಮುಂದಿಟ್ಟುಕೊಂಡೇ ಲೆಕ್ಕ ಹಾಕಬೇಕು. ಮುಂದಿನ ಮಾತೆಲ್ಲ ಕ್ಲಾಟ್ ಅನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಯೋಚಿಸುವ ಕ್ರಮ ಮಾತ್ರ ಎಲ್ಲ ಕಡೆಗೂ ಹೊಂದುತ್ತದೆ.

ಪ್ರಶ್ನೆ ಬಿಗಿಯಾಗುವುದು ಎಲ್ಲಿ

ಒಂದು, ಭಾಷೆಯಲ್ಲಿ: ವಾಕ್ಯ ಉದ್ದ, ಷರತ್ತು ಕೊನೆಯಲ್ಲಿ, ನಡುವೆ ಎರಡು ನಿಷೇಧ. ಎರಡು, ನಿಯಮದ ಕಟ್ಟಿನಲ್ಲಿ: ನಿಯಮಕ್ಕೆ ಅಪವಾದ, ಅಪವಾದಕ್ಕೆ ಮತ್ತೊಂದು ಷರತ್ತು. ಮೂರು, ಆಪ್ಷನ್‌ಗಳಲ್ಲಿ: ಪ್ಯಾಸೇಜ್ ಅರ್ಥವಾಗಿದೆ, ಆದರೆ ಎರಡು ಉತ್ತರ ಒಂದೇ ತರ ಕಾಣುತ್ತಿವೆ. ನಾಲ್ಕು, ನಿಮ್ಮ ತಲೆಯಲ್ಲಿ: ವಿಷಯ ನಿಮಗೆ ಮೊದಲೇ ಗೊತ್ತಿದೆ, ಆ ಗೊತ್ತಿರುವುದೇ ಅಡ್ಡ ಬರುತ್ತಿದೆ.

ಭಾಷೆಯ ಕಷ್ಟಕ್ಕೆ ವಾಕ್ಯ ಒಡೆಯುವುದು ಮದ್ದು. ಕಟ್ಟಿನ ಕಷ್ಟಕ್ಕೆ ಬುಕ್‌ಲೆಟ್‌ನ ಅಂಚಿನಲ್ಲಿ ಚಿಕ್ಕ ಟಿಪ್ಪಣಿ. ಆಪ್ಷನ್‌ಗಳ ಕಷ್ಟಕ್ಕೆ ಅವುಗಳ ನಡುವಿನ ಒಂದೇ ವ್ಯತ್ಯಾಸವನ್ನು ಹುಡುಕಿ, ಆ ವ್ಯತ್ಯಾಸವನ್ನಷ್ಟೇ ಪ್ಯಾಸೇಜಿನಲ್ಲಿ ಪರೀಕ್ಷಿಸುವುದು. ನಾಲ್ಕನೆಯದಕ್ಕೆ ಮದ್ದು ಸುಲಭವಲ್ಲ, ಅದರ ಬಗ್ಗೆ ಮುಂದೆ ಬರೆದಿದೆ.

ಒಂದು ಲೀಗಲ್ ಪ್ರಶ್ನೆಯನ್ನು ಬಿಡಿಸಿ ನೋಡೋಣ

1872ರ ಭಾರತೀಯ ಕರಾರು ಕಾಯ್ದೆಯ 4 ಮತ್ತು 5ನೇ ಸೆಕ್ಷನ್‌ಗಳು ಇಂಥ ಪ್ರಶ್ನೆಗೆ ಹೇಳಿಮಾಡಿಸಿದಂತಿವೆ. ಪ್ಯಾಸೇಜ್ ಹೇಳುವುದು ಇಷ್ಟು ಎಂದಿಟ್ಟುಕೊಳ್ಳಿ:

ಪ್ರಸ್ತಾಪದ ಸ್ವೀಕಾರವು ಪ್ರಸ್ತಾಪ ಮಾಡಿದವನ ಮಟ್ಟಿಗೆ ಪೂರ್ಣವಾಗುವುದು, ಸ್ವೀಕರಿಸಿದವನು ಅದನ್ನು ತನ್ನ ಕೈಮೀರಿ ಹೋಗುವಂತೆ ರವಾನಿಸಿದಾಗ. ಸ್ವೀಕರಿಸಿದವನ ಮಟ್ಟಿಗೆ ಪೂರ್ಣವಾಗುವುದು, ಅದು ಪ್ರಸ್ತಾಪ ಮಾಡಿದವನ ತಿಳಿವಿಗೆ ಬಂದಾಗ. ಪ್ರಸ್ತಾಪವನ್ನು, ಸ್ವೀಕಾರವು ಪ್ರಸ್ತಾಪ ಮಾಡಿದವನ ಮಟ್ಟಿಗೆ ಪೂರ್ಣವಾಗುವ ಮೊದಲು ಹಿಂತೆಗೆದುಕೊಳ್ಳಬಹುದು. ಸ್ವೀಕಾರವನ್ನು, ಅದು ಸ್ವೀಕರಿಸಿದವನ ಮಟ್ಟಿಗೆ ಪೂರ್ಣವಾಗುವ ಮೊದಲು ಹಿಂತೆಗೆದುಕೊಳ್ಳಬಹುದು. ಹಿಂತೆಗೆತವು ಎದುರಿನವನ ಮಟ್ಟಿಗೆ ಪೂರ್ಣವಾಗುವುದು ಅದು ಅವನ ತಿಳಿವಿಗೆ ಬಂದಾಗ.

ಇನ್ನು ಸಂಗತಿ. ಬದಿಯಡ್ಕದ ಕೃಷಿಕರೊಬ್ಬರು 5 ಕ್ವಿಂಟಲ್ ಚಾಲಿ ಅಡಿಕೆ ಕೊಡುತ್ತೇನೆಂದು ಮಂಗಳೂರಿನ ವ್ಯಾಪಾರಿಗೆ ಸೋಮವಾರ ಪತ್ರ ಹಾಕುತ್ತಾರೆ. ಪತ್ರ ಬುಧವಾರ ಮಧ್ಯಾಹ್ನ ತಲುಪುತ್ತದೆ. ಅದೇ ಬುಧವಾರ ಬೆಳಗ್ಗೆ 9ಕ್ಕೆ, ದರ ಏರಿತೆಂದು ಕೃಷಿಕರು ಪ್ರಸ್ತಾಪ ಹಿಂತೆಗೆದುಕೊಂಡು ಇನ್ನೊಂದು ಪತ್ರ ಹಾಕಿದ್ದಾರೆ. ವ್ಯಾಪಾರಿ ಬುಧವಾರ ಸಂಜೆ 4ಕ್ಕೆ ಒಪ್ಪಿಗೆಯ ಪತ್ರವನ್ನು ಅಂಚೆಗೆ ಹಾಕುತ್ತಾರೆ. ಹಿಂತೆಗೆತದ ಪತ್ರ ವ್ಯಾಪಾರಿಗೆ ಸಿಗುವುದು ಶುಕ್ರವಾರ. ಒಪ್ಪಿಗೆಯ ಪತ್ರ ಕೃಷಿಕರಿಗೆ ಸಿಗುವುದು ಶನಿವಾರ. ಕರಾರು ಆಯಿತೇ?

ಆಪ್ಷನ್‌ಗಳು ಹೀಗಿರುತ್ತವೆ. ಎ: ಆಗಲಿಲ್ಲ, ಹಿಂತೆಗೆತ ಮೊದಲು ಅಂಚೆಗೆ ಬಿತ್ತು. ಬಿ: ಆಗಲಿಲ್ಲ, ಒಪ್ಪಿಗೆ ತಲುಪುವ ಮೊದಲೇ ಹಿಂತೆಗೆತ ತಲುಪಿತು. ಸಿ: ಆಯಿತು, ಹಿಂತೆಗೆತ ವ್ಯಾಪಾರಿಯ ತಿಳಿವಿಗೆ ಬರುವ ಮೊದಲೇ ಒಪ್ಪಿಗೆ ರವಾನೆಯಾಗಿತ್ತು. ಡಿ: ಆಯಿತು, ದರ ಏರಿತೆಂಬುದು ಹಿಂತೆಗೆತಕ್ಕೆ ಕಾರಣವಾಗದು.

ಇಲ್ಲಿ ಕಥೆಯನ್ನು ಓದುತ್ತಾ ತೀರ್ಪು ಕೊಡಲು ಹೋಗಬೇಡಿ. ಅಂಚಿನಲ್ಲಿ ಎರಡೇ ಸಾಲು ಬರೆಯಿರಿ: 'ಒಪ್ಪಿಗೆ, ಕೃಷಿಕನ ಮಟ್ಟಿಗೆ: ಬುಧ 4 ಗಂಟೆ', 'ಹಿಂತೆಗೆತ, ವ್ಯಾಪಾರಿಯ ಮಟ್ಟಿಗೆ: ಶುಕ್ರ'. ಬುಧ ಮೊದಲು, ಶುಕ್ರ ಆಮೇಲೆ. ಕರಾರು ಆಯಿತು, ಉತ್ತರ ಸಿ. ಎ ಮತ್ತು ಬಿ ಎರಡೂ ತಪ್ಪಾದ ಗಳಿಗೆಗಳನ್ನು ಹೋಲಿಸಿವೆ. ಒಂದು ಎರಡೂ ಪತ್ರಗಳ ಹೊರಟ ಹೊತ್ತನ್ನು ಹೋಲಿಸಿತು, ಇನ್ನೊಂದು ತಲುಪಿದ ಹೊತ್ತನ್ನು. ನಿಯಮ ಕೇಳುವುದು ಒಂದರ ಹೊರಟ ಹೊತ್ತು, ಇನ್ನೊಂದರ ತಲುಪಿದ ಹೊತ್ತು. ಇನ್ನು ಡಿ ಫಲಿತಾಂಶ ಸರಿಯಾಗಿ ಹೇಳಿ ಕಾರಣ ತಪ್ಪು ಕೊಟ್ಟಿದೆ. ದರದ ಮಾತು ಪ್ಯಾಸೇಜಿನ ನಿಯಮದಲ್ಲಿ ಎಲ್ಲೂ ಇಲ್ಲ. ಚೆನ್ನಾಗಿ ಓದುವವರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಡಿ ಮಾದರಿಯ ಆಪ್ಷನ್‌ನಲ್ಲಿ. 'ಆಯಿತು' ಎಂದು ಕಂಡ ಕೂಡಲೇ ಗುರುತು ಹಾಕಿ ಮುಂದೆ ಹೋಗುತ್ತಾರೆ. ಆಪ್ಷನ್‌ನ 'ಏಕೆಂದರೆ' ಭಾಗವನ್ನು ಓದದೆ ಗುರುತು ಹಾಕುವುದಿಲ್ಲ ಎಂಬ ಅಭ್ಯಾಸ ಕೈಗೆ ಬರುವವರೆಗೆ ಪ್ರತಿ ಆಪ್ಷನ್‌ನ ಕಾರಣದ ಕೆಳಗೆ ಗೆರೆ ಎಳೆಯಿರಿ.

ಮುಂದಿನ ಪ್ರಶ್ನೆ ಇದಕ್ಕಿಂತ ಬಿಗಿ. ಸಂಗತಿ ಅದೇ. ಆದರೆ ವ್ಯಾಪಾರಿ ಶುಕ್ರವಾರ ಸಂಜೆ ಕೃಷಿಕರಿಗೆ ಫೋನ್ ಮಾಡಿ, ನನ್ನ ಒಪ್ಪಿಗೆಯ ಪತ್ರ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮಾಲು ಬೇಡ ಎನ್ನುತ್ತಾರೆ. ಈಗ? ಹಿಂದಿನ ಪ್ರಶ್ನೆಯಲ್ಲಿ ಕರಾರು ಆಗಿದೆ ಎಂದು ತೀರ್ಮಾನಿಸಿದ ಬಿಸಿಯಲ್ಲೇ ಹೆಚ್ಚಿನವರು 'ಆಗಿಹೋಗಿದೆ, ಇನ್ನು ಹಿಂತೆಗೆಯಲಾಗದು' ಎನ್ನುತ್ತಾರೆ. ಆದರೆ ಒಪ್ಪಿಗೆ ವ್ಯಾಪಾರಿಯ ಮಟ್ಟಿಗೆ ಪೂರ್ಣವಾಗುವುದು ಶನಿವಾರ. ಶುಕ್ರವಾರದ ಫೋನ್ ಅದಕ್ಕಿಂತ ಮೊದಲೇ ಕೃಷಿಕರ ಕಿವಿಗೆ ಬಿದ್ದಿದೆ. ಆದ್ದರಿಂದ ಹಿಂತೆಗೆತ ಸಲ್ಲುತ್ತದೆ. ಒಂದೇ ಪತ್ರ, ಇಬ್ಬರ ಮಟ್ಟಿಗೆ ಎರಡು ಬೇರೆ ಗಳಿಗೆ. ಒಂದೇ ಪ್ಯಾಸೇಜಿನ ಐದಾರು ಪ್ರಶ್ನೆಗಳಲ್ಲಿ ಹಿಂದಿನ ಉತ್ತರವನ್ನು ಮುಂದಿನದಕ್ಕೆ ಹೊತ್ತುಕೊಂಡು ಹೋಗಬಾರದು. ಪ್ರತಿ ಸಲವೂ ನಿಯಮಕ್ಕೇ ಹಿಂತಿರುಗಬೇಕು.

ಅಭ್ಯಾಸಕ್ಕೆ ಕ್ರಮ ಹೀಗಿರಲಿ. ಮೊದಲ ತಿಂಗಳು ಗಡಿಯಾರ ಬೇಡ. ಪ್ಯಾಸೇಜಿನ ನಿಯಮವನ್ನು 'ಯಾರು, ಏನು ಮಾಡಿದರೆ, ಯಾವ ಫಲ, ಯಾವಾಗ ಅಲ್ಲ' ಎಂಬ ನಾಲ್ಕು ತುಂಡಾಗಿ ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆದರೆ ಅಭ್ಯಾಸ ಹಾಳಾಗುತ್ತದೆಂದು ಕೆಲವು ಕೋಚಿಂಗ್‌ನವರು ಹೇಳುವುದುಂಟು. ನಾವು ಒಪ್ಪುವುದಿಲ್ಲ. ಅರ್ಥವಾಯಿತೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ನೇರ ದಾರಿ ಇಲ್ಲ. ಎರಡನೇ ತಿಂಗಳಿಂದ ಆ ನಾಲ್ಕು ತುಂಡು ಬರವಣಿಗೆಯಿಂದ ಅಂಚಿನ ಗುರುತಿಗೆ ಇಳಿಯಲಿ: ಅಪವಾದಕ್ಕೆ ಒಂದು ಚೌಕ, ಷರತ್ತಿಗೆ ಒಂದು ವೃತ್ತ.

ಗೊತ್ತಿರುವುದು ಅಡ್ಡ ಬಂದಾಗ

ಪ್ಯಾಸೇಜ್ ಕಟ್ಟುನಿಟ್ಟಿನ ಹೊಣೆಯ ಬಗ್ಗೆ ಇದೆ ಎಂದುಕೊಳ್ಳಿ. 1868ರ ರೈಲಂಡ್ಸ್ ಮತ್ತು ಫ್ಲೆಚರ್ ಪ್ರಕರಣದ ನಿಯಮ: ತನ್ನ ಜಾಗಕ್ಕೆ ಅಪಾಯದ ವಸ್ತುವನ್ನು ತಂದಿಟ್ಟವನು ಅದು ಹೊರಗೆ ಹರಿದು ಮಾಡುವ ಹಾನಿಗೆ ಹೊಣೆ, ತಪ್ಪು ಮಾಡದಿದ್ದರೂ. ಅಪವಾದಗಳಲ್ಲಿ ಹೊರಗಿನವನೊಬ್ಬನ ಕೃತ್ಯವೂ ಒಂದು. ಪ್ರಶ್ನೆಯಲ್ಲಿ, ಕಿಡಿಗೇಡಿಯೊಬ್ಬ ರಾತ್ರಿ ಒಳನುಗ್ಗಿ ಕಾರ್ಖಾನೆಯ ರಾಸಾಯನಿಕದ ಟ್ಯಾಂಕ್ ಒಡೆಯುತ್ತಾನೆ, ಪಕ್ಕದ ಮನೆಯ ಬಾವಿ ನೀರು ಕೆಡುತ್ತದೆ. ಕಾರ್ಖಾನೆ ಹೊಣೆಯೇ?

ಸಾಮಾನ್ಯ ಜ್ಞಾನದ ಪುಸ್ತಕ ಓದಿದವರಿಗೆ ದೆಹಲಿಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ 1986ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ನೆನಪಾಗುತ್ತದೆ: ಅಪಾಯಕಾರಿ ಉದ್ಯಮಕ್ಕೆ ಯಾವ ಅಪವಾದವೂ ಇಲ್ಲ, ಹೊಣೆ ಸಂಪೂರ್ಣ. ಕಾಸರಗೋಡಿನವರಿಗೆ ಇನ್ನೂ ಒಂದು ಕಾರಣವಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್, 2011ರಲ್ಲಿ ಸುಪ್ರೀಂ ಕೋರ್ಟು ಹಾಕಿದ ನಿಷೇಧ, ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಿ ಎಂದು 2017ರ ಜನವರಿಯಲ್ಲಿ ಬಂದ ಆದೇಶ, ಇವೆಲ್ಲ ಇಲ್ಲಿ ಮನೆಮಾತು. 'ರಾಸಾಯನಿಕ', 'ಬಾವಿ' ಎಂಬ ಪದ ಕಂಡೊಡನೆ ಮನಸ್ಸು ತೀರ್ಪು ಕೊಟ್ಟಾಗಿರುತ್ತದೆ. ಆದರೆ ಪ್ಯಾಸೇಜ್ 1868ರ ನಿಯಮವನ್ನಷ್ಟೇ ಕೊಟ್ಟಿದ್ದರೆ ಉತ್ತರ 'ಹೊಣೆಯಲ್ಲ'. ಅದೇ ಪ್ಯಾಸೇಜ್ ಕೊನೆಯ ಪ್ಯಾರಾದಲ್ಲಿ 1986ರ ನಿಯಮವನ್ನೂ ಹೇಳಿ, ಭಾರತದಲ್ಲಿ ಅಪಾಯಕಾರಿ ಉದ್ಯಮಕ್ಕೆ ಅದೇ ಅನ್ವಯ ಎಂದಿದ್ದರೆ ಉತ್ತರ ತಿರುಗುತ್ತದೆ. ನ್ಯಾಯ ಯಾವುದೆಂದು ಪರೀಕ್ಷೆ ಕೇಳುತ್ತಿಲ್ಲ. ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಹಚ್ಚಿದರೆ ಏನು ಬರುತ್ತದೆಂದು ಕೇಳುತ್ತಿದೆ.

ಪರಿಹಾರವಾಗಿ ಒಂದು ಯಾಂತ್ರಿಕ ಅಭ್ಯಾಸ ಮಾಡಿಕೊಳ್ಳಿ. ಗುರುತು ಹಾಕುವ ಮೊದಲು ಪ್ಯಾಸೇಜಿನ ಯಾವ ಸಾಲಿನಿಂದ ಈ ಉತ್ತರ ಬಂತು ಎಂದು ಬೆರಳಿಟ್ಟು ತೋರಿಸಿ. ಬೆರಳಿಡಲು ಸಾಲು ಸಿಗದಿದ್ದರೆ ಉತ್ತರ ನಿಮ್ಮ ತಲೆಯಿಂದ ಬಂದಿದೆ.

ನಮ್ಮೂರಿನ ಪ್ರಕರಣವೇ ಪರೀಕ್ಷೆಗೆ ಬಂದರೂ ಹೀಗೇ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರಿನ ಪ್ರಕರಣದ ತೀರ್ಪು ಬಂದದ್ದು 1973ರ ಏಪ್ರಿಲ್ 24ರಂದು, 13 ನ್ಯಾಯಾಧೀಶರ ಪೀಠದಿಂದ, 7-6ರ ಬಹುಮತದಲ್ಲಿ. ಇಷ್ಟು ಸಾಮಾನ್ಯ ಜ್ಞಾನ. ಸ್ವಾಮೀಜಿ ಕೇಸು ಗೆದ್ದರು, ಮಠದ ಭೂಮಿ ಉಳಿಯಿತು ಎಂದು ತುಂಬ ಮಂದಿ ತಿಳಿದಿದ್ದಾರೆ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದು ಎಂಬ ತತ್ತ್ವ ಅಲ್ಲಿ ಹುಟ್ಟಿತು, ನಿಜ. ಆದರೆ ಕೇರಳದ ಭೂಸುಧಾರಣಾ ತಿದ್ದುಪಡಿ ಕಾಯ್ದೆಗಳನ್ನು ಮೂಲಭೂತ ಹಕ್ಕಿನ ಹೆಸರಿನಲ್ಲಿ ಪ್ರಶ್ನಿಸಲಾಗದಂತೆ ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿಸಿದ 29ನೇ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು. ಇಂಥ ಅರ್ಧ ಗೊತ್ತಿರುವ ವಿಷಯದ ಮೇಲೆ ಆಪ್ಷನ್ ಕಟ್ಟುವುದು ಪ್ರಶ್ನೆ ತಯಾರಿಸುವವರಿಗೆ ಬಲು ಸುಲಭ.

ಲಾಜಿಕಲ್: ತಿರುಗಿಸಿ ನೋಡುವುದು

ಈ ವಿಭಾಗದಲ್ಲಿ ಹೆಚ್ಚು ಮಂದಿ ಎಡವುವುದು 'ಅಸಂಪ್ಷನ್' ಪ್ರಶ್ನೆಗಳಲ್ಲಿ, ಅಂದರೆ ವಾದ ಹೇಳದೆಯೇ ನಂಬಿಕೊಂಡಿರುವುದು ಯಾವುದು ಎಂದು ಕೇಳುವಲ್ಲಿ. ಅಭ್ಯಾಸಕ್ಕೊಂದು ವಾದ ಕಟ್ಟೋಣ: 'ಒಂದು ಪಂಚಾಯತಿನ ಶಾಲೆಗಳಲ್ಲಿ ಕನ್ನಡ ವಿಭಾಗದ ಮಕ್ಕಳ ಸಂಖ್ಯೆ ಐದು ವರ್ಷದಲ್ಲಿ ಇಳಿದಿದೆ. ಆದ್ದರಿಂದ ಅಲ್ಲಿನ ಹೆತ್ತವರಿಗೆ ಕನ್ನಡ ಮಾಧ್ಯಮದ ಮೇಲೆ ಆಸಕ್ತಿ ಕಡಿಮೆಯಾಗಿದೆ.'

ಆಪ್ಷನ್‌ಗಳು: ಎ, ಕನ್ನಡ ಮಾಧ್ಯಮದಲ್ಲಿ ಓದಿದರೆ ಉದ್ಯೋಗ ಸಿಗುವುದು ಕಷ್ಟ. ಬಿ, ಪಂಚಾಯತಿನಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ಒಟ್ಟು ಸಂಖ್ಯೆ ಅದೇ ಪ್ರಮಾಣದಲ್ಲಿ ಇಳಿದಿಲ್ಲ. ಸಿ, ಮಲಯಾಳ ವಿಭಾಗದ ಮಕ್ಕಳ ಸಂಖ್ಯೆ ಏರಿದೆ. ಡಿ, ಐದು ವರ್ಷದ ಹಿಂದೆ ಎಲ್ಲ ಹೆತ್ತವರೂ ಕನ್ನಡ ಮಾಧ್ಯಮವನ್ನೇ ಬಯಸುತ್ತಿದ್ದರು.

ಪ್ರತಿಯೊಂದನ್ನೂ ಉಲ್ಟಾ ಮಾಡಿ, ವಾದ ನಿಲ್ಲುತ್ತದೆಯೇ ನೋಡಿ. ಬಿಯನ್ನು ಉಲ್ಟಾ ಮಾಡಿದರೆ: ಒಟ್ಟು ಮಕ್ಕಳೇ ಅಷ್ಟು ಕಡಿಮೆಯಾಗಿದ್ದಾರೆ. ಆಗ ಆಸಕ್ತಿಯ ಮಾತೇ ಬಿದ್ದುಹೋಗುತ್ತದೆ. ಉತ್ತರ ಅದೇ. ಎಯನ್ನು ಉಲ್ಟಾ ಮಾಡಿದರೂ ವಾದಕ್ಕೆ ಏನೂ ಆಗುವುದಿಲ್ಲ, ಆಸಕ್ತಿ ಬೇರೆ ಕಾರಣಕ್ಕೂ ಕಡಿಮೆಯಾಗಬಹುದು. ಸಿ ನಿಜವಾದರೆ ವಾದಕ್ಕೆ ಬಲ ಬರುತ್ತದೆ, ಆದರೆ ಇಲ್ಲದಿದ್ದರೆ ವಾದ ಕುಸಿಯುವುದಿಲ್ಲ. ಹಾಗಾಗಿ 'ಸ್ಟ್ರೆಂಗ್ತನ್' ಪ್ರಶ್ನೆಗೆ ಸಿ ಉತ್ತರವಾಗಬಹುದು, 'ಅಸಂಪ್ಷನ್' ಪ್ರಶ್ನೆಗೆ ಆಗದು. ಡಿಯಲ್ಲಿ 'ಎಲ್ಲ' ಎಂಬುದು ಅತಿಯಾಯಿತು. ಆಸಕ್ತಿ ಇಳಿಯಲು ಮೊದಲು ಎಲ್ಲರಿಗೂ ಆಸಕ್ತಿ ಇರಬೇಕಾಗಿಲ್ಲ.

ಇನ್ನೊಂದು ಸಾಮಾನ್ಯ ಎಡವು 'ಓನ್ಲಿ ಇಫ್'. ನೇಟಿವಿಟಿ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಮೀಸಲಾತಿ ಎಂದರೆ, ಸರ್ಟಿಫಿಕೇಟ್ ಇದ್ದವರೆಲ್ಲರಿಗೂ ಮೀಸಲಾತಿ ಎಂದಲ್ಲ. ಅಕ್ಷಯ ಕೇಂದ್ರದ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತಿರುವ ಈ ವ್ಯತ್ಯಾಸ ಪ್ರಶ್ನೆಪತ್ರಿಕೆಯಲ್ಲಿ ಕಣ್ಣು ತಪ್ಪುತ್ತದೆ. ಬಾಣದ ಗುರುತು ಹಾಕಿ: ಮೀಸಲಾತಿ → ಸರ್ಟಿಫಿಕೇಟ್. ಬಾಣವನ್ನು ಹಿಂದಕ್ಕೆ ಓದಬಾರದು. ಸರ್ಟಿಫಿಕೇಟ್ ಇಲ್ಲ ಎಂದರೆ ಮೀಸಲಾತಿ ಇಲ್ಲ, ಇದಷ್ಟನ್ನೇ ಖಚಿತವಾಗಿ ಹೇಳಬಹುದು.

ಇಂಗ್ಲಿಷ್ ವಾಕ್ಯದ ಬಾಲ

ಕನ್ನಡದಲ್ಲಿ ಷರತ್ತು ಮೊದಲು ಬರುತ್ತದೆ, ತೀರ್ಮಾನ ಕೊನೆಗೆ. ಇಂಗ್ಲಿಷಿನ ಕಾನೂನು ವಾಕ್ಯದಲ್ಲಿ ಹೆಚ್ಚಾಗಿ ತೀರ್ಮಾನ ಮೊದಲು, ಷರತ್ತು ಬಾಲದಲ್ಲಿ. ಕನ್ನಡದಲ್ಲಿ ಓದಿ ಬೆಳೆದ ಕಣ್ಣು ತೀರ್ಮಾನ ಸಿಕ್ಕಿದೊಡನೆ ವಾಕ್ಯ ಮುಗಿಯಿತೆಂದುಕೊಂಡು ಬಾಲವನ್ನು ಹಾರಿಸುತ್ತದೆ. ಆದ್ದರಿಂದ 'ಅನ್‌ಲೆಸ್', 'ಪ್ರೊವೈಡೆಡ್ ದಟ್', 'ಸಬ್ಜೆಕ್ಟ್ ಟು', 'ಎಕ್ಸೆಪ್ಟ್ ವೇರ್' ಕಂಡಲ್ಲಿ ಪೆನ್ನಿನಿಂದ ವೃತ್ತ ಹಾಕಿ, ಅಲ್ಲಿಂದ ಮುಂದಿನ ಭಾಗವನ್ನೇ ಮೊದಲು ಓದಿ. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಕಂಡರೆ, ಅದರ ಬೆನ್ನಿಗೆ ಬರುವ ನಿಯಮ ಸೋಲುತ್ತದೆ, ವಾಕ್ಯದ ಉಳಿದ ಭಾಗ ಗೆಲ್ಲುತ್ತದೆ. 'ಸಬ್ಜೆಕ್ಟ್ ಟು' ಇದಕ್ಕೆ ನೇರ ವಿರುದ್ಧ. ಈ ಎರಡನ್ನು ಅದಲುಬದಲು ಮಾಡಿದರೆ ಆ ಪ್ಯಾಸೇಜಿನ ಐದು ಪ್ರಶ್ನೆಗಳೂ ಒಟ್ಟಿಗೆ ಹೋಗುತ್ತವೆ. 'ಶಲ್' ಎಂದರೆ ಮಾಡಲೇಬೇಕು, 'ಮೇ' ಎಂದರೆ ಮಾಡಬಹುದು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೂ ಆಪ್ಷನ್‌ಗಳಲ್ಲಿ ಇವನ್ನು ಮೆಲ್ಲಗೆ ಬದಲಿಸಿಡುತ್ತಾರೆ.

ಇಂಗ್ಲಿಷ್ ವಿಭಾಗದಲ್ಲಿ 'ಇನ್‌ಫರೆನ್ಸ್', ಅಂದರೆ ಪ್ಯಾಸೇಜಿನಿಂದ ಏನು ತಿಳಿದುಕೊಳ್ಳಬಹುದು ಎಂದು ಕೇಳಿದಾಗ ಪ್ಯಾಸೇಜಿಗಿಂತ ಒಂದು ಹೆಜ್ಜೆ ಮಾತ್ರ ಮುಂದೆ ಹೋಗಿ, ಎರಡು ಹೆಜ್ಜೆ ಬೇಡ. 'ಆಲ್ವೇಸ್', 'ನೆವರ್', 'ಓನ್ಲಿ' ಇರುವ ಆಪ್ಷನ್ ಪ್ರತಿ ಸಲವೂ ತಪ್ಪಲ್ಲ. ಪ್ಯಾಸೇಜಿನಲ್ಲೂ ಅಷ್ಟೇ ಗಟ್ಟಿ ಮಾತು ಇದೆಯೇ ಎಂದು ನೋಡಿಯೇ ಬಿಡಬೇಕು.

ಗಣಿತ ಮತ್ತು ಪ್ರಚಲಿತ

ಗಣಿತ ಹತ್ತನೇ ತರಗತಿಯ ಮಟ್ಟದ್ದು: ಶೇಕಡಾ, ಅನುಪಾತ, ಸರಾಸರಿ, ಕೋಷ್ಟಕ. ಕಲಾ ವಿಭಾಗದವರು ಇದನ್ನು ಪೂರ್ತಿ ಬಿಡುವುದುಂಟು, ಅದು ಸುಮ್ಮನೆ ಹತ್ತು ಹನ್ನೆರಡು ಅಂಕದ ನಷ್ಟ. ಇಲ್ಲಿನ ಬಲೆ ಒಂದೇ ಮಾದರಿಯದು, ಯಾವುದರ ಶೇಕಡಾ ಎಂಬುದು. ಒಂದು ಅಂಗಡಿಯ ವಹಿವಾಟು 80 ಕ್ವಿಂಟಲಿನಿಂದ ಶೇ. 25 ಏರಿತು, ಮರುವರ್ಷ ಶೇ. 20 ಇಳಿಯಿತು ಎಂದರೆ ಒಟ್ಟಿಗೆ ಶೇ. 5 ಏರಿಕೆಯಲ್ಲ. 80, 100, ಮತ್ತೆ 80. ಕ್ಯಾಲ್ಕುಲೇಟರ್ ಇಲ್ಲ, ಆದ್ದರಿಂದ 1/8 ಎಂದರೆ ಶೇ. 12.5, 1/6 ಎಂದರೆ ಶೇ. 16.67 ಎಂಬಂಥವು ಬಾಯಿಪಾಠವಿರಲಿ.

ಪ್ರಚಲಿತದಲ್ಲಿ ಯೋಚಿಸಿ ಉತ್ತರ ತೆಗೆಯುವಂಥದ್ದು ಕಡಿಮೆ. ಗೊತ್ತಿದ್ದರೆ ಹತ್ತು ಸೆಕೆಂಡು, ಇಲ್ಲದಿದ್ದರೆ ಮುಂದೆ. ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ ಅರ್ಥಮಾಡಿಕೊಳ್ಳಿ, ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ ಪದಗಳನ್ನು ಗುರುತಿಸಿ. ಸುದ್ದಿಯ ಹಿಂದಿನ ಕಾನೂನನ್ನೂ ಸೇರಿಸಿ ಬರೆಯಿರಿ. ಉದಾಹರಣೆಗೆ ಭಾಷಾ ಅಲ್ಪಸಂಖ್ಯಾತರ ಸುದ್ದಿ ಬಂದರೆ ಅದರ ಕೆಳಗೆ ಸಂವಿಧಾನದ 29, 30, 350ಎ, 350ಬಿ ವಿಧಿಗಳು, ಕೊನೆಯ ಎರಡು 1956ರ ಏಳನೇ ತಿದ್ದುಪಡಿಯಿಂದ ಬಂದವು ಎಂಬ ಟಿಪ್ಪಣಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ ಗೈಡುಗಳಲ್ಲಿ ಇನ್ನೂ ಹಳೆಯ ಸೆಕ್ಷನ್ ನಂಬರುಗಳೇ ಇವೆ, ಅವನ್ನು ಕಲಿಯಬೇಡಿ.

ಬಿಡುವುದು, ಊಹಿಸುವುದು

ಒಂದು ಪ್ರಶ್ನೆಗೆ ಒಂದು ನಿಮಿಷ ಎಂಬ ಲೆಕ್ಕ ಹಾಳೆಯ ಮೇಲೆ ಮಾತ್ರ. ಪ್ರಚಲಿತವನ್ನು 12 ನಿಮಿಷದಲ್ಲಿ ಮುಗಿಸಿದರೆ ಲೀಗಲ್‌ಗೆ 36, ಲಾಜಿಕಲ್‌ಗೆ 28, ಇಂಗ್ಲಿಷಿಗೆ 24, ಗಣಿತಕ್ಕೆ 13 ಕೊಡಬಹುದು. ಒಟ್ಟು 113. ಉಳಿದ 7 ನಿಮಿಷ ಬಿಟ್ಟುಹೋದ ಪ್ರಶ್ನೆಗಳಿಗೆ. ಒಂದು ಪ್ರಶ್ನೆಯಲ್ಲಿ 90 ಸೆಕೆಂಡ್ ಕಳೆದರೂ ಎರಡು ಆಪ್ಷನ್‌ಗೆ ಇಳಿಯದಿದ್ದರೆ ನಂಬರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಎರಡಕ್ಕೆ ಇಳಿದಿದ್ದರೆ ಆ ಎರಡರ ಅಕ್ಷರಗಳನ್ನೂ ಪಕ್ಕದಲ್ಲಿ ಬರೆದಿಡಿ. ಇಲ್ಲದಿದ್ದರೆ ಹಿಂತಿರುಗಿ ಬಂದಾಗ ಮೊದಲಿನಿಂದ ಓದಬೇಕಾಗುತ್ತದೆ. ಪ್ರಶ್ನೆ ಬಿಡುವುದಾದರೆ ಆ ಪ್ಯಾಸೇಜಿನ ಉಳಿದ ಪ್ರಶ್ನೆಗಳನ್ನು ಮುಗಿಸಿಯೇ ಎದ್ದೇಳಿ. ಓದಿದ 450 ಪದ ನಿಮಿಷದೊಳಗೆ ತಲೆಯಿಂದ ಜಾರುತ್ತದೆ.

ಊಹೆಯ ಲೆಕ್ಕ ತಿಳಿದಿರಲಿ. ನಾಲ್ಕು ಆಪ್ಷನ್‌ಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಿದರೆ ಸರಾಸರಿ ಗಳಿಕೆ 0.0625 ಅಂಕ, ಅಂದರೆ ಹದಿನಾರು ಊಹೆಗೆ ಒಂದು ಅಂಕ. ಒಂದು ಆಪ್ಷನ್ ತೆಗೆದುಹಾಕಿದರೆ ಪ್ರತಿ ಊಹೆಗೆ 0.167. ಎರಡು ತೆಗೆದರೆ 0.375. ಆದ್ದರಿಂದ ಎರಡಕ್ಕೆ ಇಳಿದ ಪ್ರಶ್ನೆಯನ್ನು ಖಾಲಿ ಬಿಡುವುದು ನಷ್ಟ. ಕಣ್ಣು ಮುಚ್ಚಿ ಹಾಕಿದರೂ ಲಾಭ ಉಂಟಲ್ಲ ಎಂದು ಕೇಳಬಹುದು. ಲೆಕ್ಕದಲ್ಲಿ ಉಂಟು. ಆದರೆ ಬಿಗಿ ಪ್ರಶ್ನೆಯಲ್ಲಿ ಕೈ ನಿಜಕ್ಕೂ ಕಣ್ಣು ಮುಚ್ಚಿ ಹೋಗುವುದಿಲ್ಲ, ನೋಡಲು ಚಂದವಾಗಿ ಕಟ್ಟಿದ ತಪ್ಪು ಉತ್ತರದ ಕಡೆಗೇ ಹೋಗುತ್ತದೆ. ಆಗ ಆ ಚಿಕ್ಕ ಲಾಭ ಸುಲಭವಾಗಿ ನಷ್ಟವಾಗುತ್ತದೆ. ಸರಿಗೆ 3, ತಪ್ಪಿಗೆ 1 ಕಳೆಯುವ ಪರೀಕ್ಷೆಯಲ್ಲಿ ನಾಲ್ಕು ಆಪ್ಷನ್‌ಗಳ ಕುರುಡು ಊಹೆಯ ಗಳಿಕೆ ಸೊನ್ನೆ. ನೆಗೆಟಿವ್ ಇಲ್ಲದ ಲಾಸೆಟ್, ಮಹಾರಾಷ್ಟ್ರ ಸಿಇಟಿಯಲ್ಲಿ ಒಂದನ್ನೂ ಖಾಲಿ ಬಿಡಬಾರದು.

ಒಎಂಆರ್‌ನಲ್ಲಿ ತುಂಬುವುದನ್ನು ಕೊನೆಗೆ ಇಟ್ಟುಕೊಳ್ಳುವುದು ಅಪಾಯ, ಪ್ರತಿ ಪ್ರಶ್ನೆಗೂ ತುಂಬುವುದು ನಿಧಾನ. ಒಂದು ಪ್ಯಾಸೇಜ್ ಮುಗಿದೊಡನೆ ಅದರ ಐದಾರು ವೃತ್ತಗಳನ್ನು ಒಟ್ಟಿಗೆ ತುಂಬಿ. ಪ್ರಶ್ನೆ ಬಿಟ್ಟಾಗ ಸಾಲು ತಪ್ಪುವುದು ದೊಡ್ಡ ಅನಾಹುತ. ಒಂದು ಸಾಲು ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು, ಪೆನ್ನಿನ ಗುರುತು ಅಳಿಸಲು ಬರುವುದಿಲ್ಲ. ಪ್ರತಿ ಪ್ಯಾಸೇಜಿನ ಮೊದಲ ವೃತ್ತ ತುಂಬುವಾಗ ಬುಕ್‌ಲೆಟ್‌ನ ನಂಬರನ್ನೂ ಹಾಳೆಯ ನಂಬರನ್ನೂ ತುಟಿಯಲ್ಲೇ ಓದಿಕೊಳ್ಳಿ. ಮನೆಯಲ್ಲಿ ಮಾಕ್ ಟೆಸ್ಟ್ ಬರೆಯುವಾಗಲೂ ಪ್ರಿಂಟ್ ತೆಗೆದ ಒಎಂಆರ್ ಹಾಳೆಯಲ್ಲೇ ತುಂಬಿ. ಮೊಬೈಲಿನಲ್ಲಿ ಟಿಕ್ ಮಾಡಿ ಗಳಿಸಿದ ವೇಗ ಹಾಳೆಯ ಮುಂದೆ ಉಳಿಯುವುದಿಲ್ಲ.

ಮಾಕ್ ಟೆಸ್ಟ್ ಆದ ಮೇಲೆ

ಕ್ಲಾಟ್ ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. 2020ರಿಂದ ಪ್ಯಾಸೇಜ್ ಮಾದರಿ ಬಂದಿದೆ, ಅದಕ್ಕಿಂತ ಹಿಂದಿನವು ಅಷ್ಟು ಉಪಯೋಗಕ್ಕಿಲ್ಲ. ಖಾಸಗಿ ಮಾಕ್‌ಗಳಲ್ಲಿ ಬಿಗಿತ ಹೆಚ್ಚಿಸಲು ಪ್ಯಾಸೇಜಿಗೆ ಸಂಬಂಧವಿಲ್ಲದ ಪ್ರಶ್ನೆ ಸೇರಿಸುವುದುಂಟು. ಅಂಥವುಗಳ ಅಂಕ ನೋಡಿ ಕುಗ್ಗಬೇಡಿ.

ಎರಡು ಗಂಟೆ ಬರೆದ ಪರೀಕ್ಷೆಯನ್ನು ಪರಿಶೀಲಿಸಲು ಮೂರು ಗಂಟೆ ಇಟ್ಟುಕೊಳ್ಳಿ. ತಪ್ಪಾದದ್ದು, ಬಿಟ್ಟದ್ದು, ಊಹೆಯಲ್ಲಿ ಸರಿಯಾದದ್ದು, ಈ ಮೂರನ್ನೂ ನೋಡಬೇಕು. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಯ ನಂಬರು, ನೀವು ಆರಿಸಿದ್ದು, ಸರಿಯಾದದ್ದು, ಮೇಲೆ ಹೇಳಿದ ನಾಲ್ಕು ಕಾರಣಗಳಲ್ಲಿ ಯಾವುದು ಎಂದು ಬರೆಯಿರಿ. 'ಅಜಾಗರೂಕತೆ' ಎಂದು ಬರೆಯಬೇಡಿ, ಆ ಪದದಿಂದ ಏನೂ ತಿದ್ದಲು ಆಗುವುದಿಲ್ಲ. 'ಅನ್‌ಲೆಸ್ ಹಾರಿಸಿದೆ' ಎಂದು ಬರೆಯಿರಿ. ಆರೇಳು ಮಾಕ್ ಆದ ಮೇಲೆ ಯಾವ ಕಾಲಮ್ಮಿನಲ್ಲಿ ಹೆಚ್ಚು ಗುರುತಿದೆಯೋ ಮುಂದಿನ ಎರಡು ವಾರ ಅದಕ್ಕೇ ಮೀಸಲು. ಭಾಷೆಯ ಕಾಲಮ್ ತುಂಬಿದ್ದರೆ ಹೊಸ ಮಾಕ್ ಬರೆಯುವುದನ್ನು ನಿಲ್ಲಿಸಿ, ದಿನಕ್ಕೆ ಎರಡು ಪ್ಯಾಸೇಜ್ ಒಡೆಯುವುದಕ್ಕೆ ಹಿಂತಿರುಗಿ.

ಕೆಲವೊಮ್ಮೆ ಪ್ರಶ್ನೆಯೇ ತಪ್ಪಿರುತ್ತದೆ. 2024ರ ಡಿಸೆಂಬರಿನಲ್ಲಿ ನಡೆದ ಕ್ಲಾಟ್‌ನ ಉತ್ತರಗಳ ವಿವಾದ ದೆಹಲಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಯಾವ ಆಪ್ಷನ್ನೂ ಹೊಂದುತ್ತಿಲ್ಲ ಎನಿಸಿದರೆ ಪರೀಕ್ಷೆಯ ಕೋಣೆಯಲ್ಲಿ ಅದರೊಂದಿಗೆ ಜಗಳಕ್ಕೆ ನಿಲ್ಲಬೇಡಿ. ಹತ್ತಿರದ್ದನ್ನು ಗುರುತಿಸಿ ಅಥವಾ ಬಿಟ್ಟು ಮುಂದೆ ಹೋಗಿ. ಆಕ್ಷೇಪಣೆ ಸಲ್ಲಿಸಲು ಆಮೇಲೆ ಅವಕಾಶವಿರುತ್ತದೆ, ಆದರೆ ತಾತ್ಕಾಲಿಕ ಉತ್ತರಗಳು ಪ್ರಕಟವಾದ ಮೇಲೆ ಸಿಗುವ ಸಮಯ ಬಹಳ ಕಡಿಮೆ, ಪ್ರತಿ ಪ್ರಶ್ನೆಗೂ ಶುಲ್ಕವಿದೆ. ಆಕ್ಷೇಪಣೆಯನ್ನು ಪ್ಯಾಸೇಜಿನ ಸಾಲನ್ನು ತೋರಿಸಿಯೇ ಬರೆಯಬೇಕು, ಹೊರಗಿನ ತೀರ್ಪು ತೋರಿಸಿ ಅಲ್ಲ.